ರಾಗ ಹೊರಗೆ ಹೋದ ದಾರಿ

ನಾವು ಮೂವರು ಮೊದಲು ಹಾಡಲು ಶುರುಮಾಡಿದ್ದು ಮೂಡುಬಿದಿರೆಯಲ್ಲಿ, ಮುಚ್ಚಿಹೋಗಿದ್ದ ಒಂದು ಬೀಡಿ ಬ್ರಾಂಚಿನ ಮಾಳಿಗೆಯಲ್ಲಿ. ಹೆಂಗಸರು ಕಟ್ಟಿದ ಬೀಡಿಗಳನ್ನು ತಂದು ಒಪ್ಪಿಸುತ್ತಿದ್ದ ಕಟ್ಟೆ ಕೆಳಗೆ ಇನ್ನೂ ಹಾಗೆಯೇ ಇತ್ತು. ತಂಬಾಕಿನ ವಾಸನೆ ಗೋಡೆ ಬಿಟ್ಟು ಹೋಗಿರಲಿಲ್ಲ. ಮೂವರಲ್ಲಿ ಒಬ್ಬರೂ ಸಿಗರೇಟು ಮುಟ್ಟಿದವರಲ್ಲ. ಆದರೂ ಅಭ್ಯಾಸ ಮುಗಿಸಿ ಬಂಟ್ವಾಳದ ನಮ್ಮ ಮನೆಗೆ ಮುಟ್ಟಿದ ಕೂಡಲೇ ಅಮ್ಮ ನನ್ನ ಶಾಲನ್ನು ಮೂಗಿಗೆ ಹಿಡಿದು ನೋಡುತ್ತಿದ್ದರು. ಏನೂ ಕೇಳುತ್ತಿರಲಿಲ್ಲ, ಶಾಲನ್ನು ಒಗೆಯಲು ಹಾಕುತ್ತಿದ್ದರು, ಅಷ್ಟೇ.

ಪದ ಮತ್ತು ರಾಗ ನನ್ನದು, ಗಿಟಾರ್ ಮತ್ತು ದನಿಯೂ ನನ್ನದು. ಡ್ರಮ್ಸ್ ಬಾರಿಸುವವನು ಮಡಂತ್ಯಾರಿನವನು, ಚರ್ಚಿನ ಗಾಯನ ತಂಡದಲ್ಲಿ ಬಾರಿಸಿ ಬಾರಿಸಿ ಕೈ ಪಳಗಿಸಿಕೊಂಡವನು. ಕಾಲೇಜಿನಲ್ಲಿ ನನ್ನ ತರಗತಿಯಲ್ಲೇ ಇದ್ದ. ಬಾಸ್ ಗಿಟಾರಿನ ಹುಡುಗ ಫರಂಗಿಪೇಟೆಯವನು, ನಮಗಿಂತ ಎರಡು ತರಗತಿ ಹಿಂದೆ. ನನ್ನನ್ನು ಅಕ್ಕ ಎನ್ನುತ್ತಿದ್ದ. ಅವನು ಮಾತಾಡುವುದು ಕಡಿಮೆ, ಬಾರಿಸುವುದೂ ಕಡಿಮೆಯೇ, ಆದರೆ ಎಲ್ಲಿ ಬಾರಿಸಬಾರದು ಎಂದು ಅವನಷ್ಟು ಚೆನ್ನಾಗಿ ಗೊತ್ತಿದ್ದವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ.

ಒಂದು ಸಂಜೆ ಮೆಟ್ಟಿಲು ಹತ್ತಿ ಇಬ್ಬರು ಪೊಲೀಸರು ಬಂದರು. ಒಬ್ಬಳು ಹುಡುಗಿ, ಇಬ್ಬರು ಹುಡುಗರು ಬಾಗಿಲು ಹಾಕಿಕೊಂಡು ಕೂರುತ್ತಾರೆ ಎಂದು ಬೀದಿಯವರು ಯಾರೋ ಹೇಳಿದ್ದರಂತೆ.

"ಇಲ್ಲಿ ಎಂತ ಮಾಡ್ತೀರಿ?"

"ಹಾಡ್ತೇವೆ ಸರ್."

"ಹಾಡಿ, ನೋಡುವ."

ಒಂದು ಹಾಡು ಹಾಡಿದೆ. ಅವರಲ್ಲಿ ಹಿರಿಯ ಪೊಲೀಸ್ ಕೇಳುತ್ತಲೇ ಇರಲಿಲ್ಲ. ಅವರ ಕಣ್ಣು ದೊಡ್ಡ ಡ್ರಮ್ಮಿನ ಒಳಗಿದ್ದ ದಿಂಬಿನ ಮೇಲೆ ನೆಟ್ಟಿತ್ತು. ಸದ್ದು ಗುಂಯ್‌ಗುಡದಿರಲಿ ಎಂದು ಎಲ್ಲರೂ ಒಳಗೆ ದಿಂಬು ಇಡುತ್ತಾರೆ. ಅವರು ಅದನ್ನು ಹೊರಗೆಳೆದು, ಹಿಸುಕಿ, ಮೂಸಿ, ಹೊಲಿಗೆ ಬಿಚ್ಚಿ ಹತ್ತಿಯೊಳಗೆ ಬೆರಳಾಡಿಸಿದರು. ಏನೂ ಸಿಗಲಿಲ್ಲ. ಹೋಗುವಾಗ, "ಬಾಗಿಲು ತೆರೆದಿಡಿ" ಎಂದಷ್ಟೇ ಹೇಳಿದರು. ಅಂದಿನಿಂದ ಬಾಗಿಲು ತೆರೆದೇ ಹಾಡಿದೆವು. ಆಮೇಲೆ ಸದ್ದು ಜಾಸ್ತಿಯಾಯಿತು ಎಂಬ ದೂರು ಬಂತು.

ನಾಲ್ಕಾರು ವರ್ಷ ಹಾಗೆಯೇ ಕಳೆಯಿತು. ಕಾಲೇಜು ಹಬ್ಬಗಳಲ್ಲಿ, ಮಂಗಳೂರಿನ ಹೋಟೆಲುಗಳ ಮೂಲೆಯಲ್ಲಿ, ಯಾರೂ ಕೇಳದೆ ಊಟ ಮಾಡುತ್ತಿರುವಾಗ ಹಾಡಿದೆವು. ಮತ್ತೆ ಒಂದು ಹಾಡು, ಕೊನೆಯ ಬಸ್ಸು ತಪ್ಪಿದ ಹುಡುಗಿಯ ಬಗ್ಗೆ ತುಳುವಿನಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳುವ ಹಾಡು, ಹೇಗೆಂದು ನಮಗೇ ತಿಳಿಯದಂತೆ ಎಲ್ಲರ ಫೋನಿಗೆ ಹತ್ತಿತು. ಅದರ ಹಿಂದೆ ಬೆಂಗಳೂರು, ಕೊಚ್ಚಿ, ಮುಂಬೈ, ಗಲ್ಫಿನ ವೇದಿಕೆಗಳು ಬಂದವು. ಎರಡು ಆಲ್ಬಮ್ ಬಂದವು. ಬಾಗಿಲಿನ ಬಗ್ಗೆ ಮಾತಾಡಿದ್ದ ಬೀದಿಯವರೆಲ್ಲ ಬಂದು ನನ್ನ ಜೊತೆ ಫೋಟೊ ತೆಗೆಸಿಕೊಂಡರು. ಪೊಲೀಸರಿಗೆ ಹೇಳಿದ್ದು ಯಾರೆಂದು ನಮಗೆ ಕೊನೆಗೂ ಗೊತ್ತಾಗಲಿಲ್ಲ. ಹಾಗಾಗಿ ಪ್ರತಿ ಫೋಟೊದಲ್ಲಿಯೂ ನಾನು ಪಕ್ಕದವರನ್ನು ಓರೆಗಣ್ಣಿನಿಂದ ನೋಡುತ್ತಿದ್ದೇನೆ. ಇವರೇ ಇರಬಹುದೇ ಎಂದು.

ಹೆಸರು ಬಂದ ಮೇಲೆ ಈ ಓರೆಗಣ್ಣು ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ, ಬೆಳೆಯಿತು. ಹೊಗಳಿದವರಿಗೆ ಏನು ಬೇಕಾಗಿದೆ ಎಂದು ಯೋಚಿಸುತ್ತಿದ್ದೆ. ಹೊಗಳದವರು ಹಿಂದಿನಿಂದ ಏನು ಹೇಳುತ್ತಿರಬಹುದು ಎಂದು ಯೋಚಿಸುತ್ತಿದ್ದೆ.

ಮದುವೆಯಾದದ್ದು ಬೆಳ್ತಂಗಡಿಗೆ. ಗಂಡನಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಹಾಡು ಬಿಡಬೇಕು ಎಂದು ಅವರು ಒಮ್ಮೆಯೂ ಹೇಳಿದವರಲ್ಲ. ಮನೆಯಲ್ಲಿ ಅವರ ತಾಯಿ ಇದ್ದರು. ಊರಿನ ರೂಢಿಯಂತೆ ನಾನು ಅತ್ತೆಯನ್ನು ಮಾಮಿ ಎಂದು ಕರೆಯುತ್ತೇನೆ. ಅವರು ಕೂಡಾ ಹಾಡು ಬಿಡು ಎನ್ನಲಿಲ್ಲ. ಆದರೆ ನಾನು ಕಾರ್ಯಕ್ರಮ ಮುಗಿಸಿ ಬಂದಾಗಲೆಲ್ಲ ಜಗಲಿಯಲ್ಲಿ ಇರುತ್ತಿದ್ದರು.

"ಬಿಟ್ಟು ಹೋದದ್ದು ಯಾರ ಕಾರು?"

"ಡ್ರಮ್ಸಿನವನದ್ದು ಮಾಮಿ."

"ಅವನದ್ದು ಬಿಳಿ ಅಲ್ವಾ?"

"ಅದು ಗ್ಯಾರೇಜಿಗೆ ಹೋಗಿದೆ. ಇದು ಅವನ ಭಾವನದ್ದು."

"ಹೌದಾ," ಎನ್ನುತ್ತಿದ್ದರು, ಇಲ್ಲ ಎನ್ನುವ ದನಿಯಲ್ಲಿ.

ನನ್ನ ಕೋಣೆಗೂ ದೇವರ ಕೋಣೆಗೂ ನಡುವೆ ಒಂದೇ ಗೋಡೆ. ನಾನು ಗಿಟಾರ್ ಹಿಡಿದು ಕೂತರೆ ಆ ಕಡೆ ಪಾತ್ರೆಯ ಸದ್ದು, ಘಂಟೆಯ ಸದ್ದು ಎಲ್ಲಾ ನಿಲ್ಲುತ್ತಿತ್ತು. ನಾನು ಫೋನಿನಲ್ಲಿ ಮಾತಾಡಿದರೂ ನಿಲ್ಲುತ್ತಿತ್ತು. ಕೇಳುತ್ತಿದ್ದಾರೆ ಎಂದು ಗೊತ್ತಿತ್ತು. ಕೇಳಲಿ ಎಂದು ಬಿಟ್ಟುಬಿಟ್ಟಿದ್ದೆ.

ಆ ವರ್ಷ ಬೆಂಗಳೂರಿನ ಒಂದು ದೊಡ್ಡ ಸಿನಿಮಾ ಕಂಪನಿ ನಮ್ಮಿಂದ ಒಂದು ಹಾಡು ಕೇಳಿತು. ಸಿನಿಮಾ ಬರುವ ತನಕ ಆ ರಾಗವನ್ನು ಎಲ್ಲಿಯೂ ಹಾಡಬಾರದು, ಯಾರಿಗೂ ಕೇಳಿಸಬಾರದು ಎಂದು ಒಪ್ಪಂದ. ನಾನು ಮನೆಯಲ್ಲಿ ಕೂತು ರಾಗ ಕಟ್ಟಿ ಇಬ್ಬರಿಗೂ ಫೋನಿಗೆ ಕಳಿಸಿದೆ. ಅದೇ ಹಳೆಯ ಮಾಳಿಗೆಯಲ್ಲಿ ಬಾಗಿಲು ಮುಚ್ಚಿ ಅಭ್ಯಾಸ ಮಾಡಿದೆವು. ಬೆಂಗಳೂರಿಗೆ ಹೋಗಿ ಹಾಡಿ ಕೊಟ್ಟು ಬಂದೆವು.

ಸಿನಿಮಾ ಬರುವುದಕ್ಕೆ ಇನ್ನೂ ಸುಮಾರು ದಿನ ಇತ್ತು. ಒಂದು ಬೆಳಿಗ್ಗೆ ನಮ್ಮ ಮ್ಯಾನೇಜರ್ ಬೆಂಗಳೂರಿನಿಂದ ಫೋನ್ ಮಾಡಿದ. ನಮಸ್ಕಾರವನ್ನೂ ಹೇಳಲಿಲ್ಲ.

"ಮೇಡಂ, ಒಂದು ವಿಡಿಯೊ ಕಳಿಸಿದ್ದೀನಿ. ನೋಡಿ, ಆಮೇಲೆ ಮಾತಾಡೋಣ."

ಅದು ಬಂಟ್ವಾಳದ ಯಾವುದೋ ಮದುವೆ ಹಾಲ್‌ನಲ್ಲಿ ನಡೆದ ಮೆಹಂದಿಯ ವಿಡಿಯೊ. ಹಳದಿ ಸೀರೆಯ ಹೆಂಗಸರು ಕುಣಿಯುತ್ತಿದ್ದರು. ಮೂಲೆಯಲ್ಲಿ ಆರ್ಕೆಸ್ಟ್ರಾದ ಕೀಬೋರ್ಡಿನವನು ಬಾರಿಸುತ್ತಿದ್ದದ್ದು ನನ್ನ ರಾಗ. ಪೂರ್ತಿ ಅಲ್ಲ, ಪಲ್ಲವಿ ಮಾತ್ರ. ಆದರೆ ಸಂಶಯವೇ ಇಲ್ಲ, ನನ್ನದೇ.

"ಕಂಪನಿಯವರು ಕೇಳ್ತಿದ್ದಾರೆ," ಎಂದ ಮ್ಯಾನೇಜರ್. "ಒಂದೋ ನೀವು ಹೊರಗೆ ಬಿಟ್ಟಿದ್ದೀರಿ, ಇಲ್ಲಾ ಅಲ್ಲಿ ಬಾರಿಸೋದನ್ನೇ ಎತ್ತಿ ಕಂಪನಿಗೆ ಕೊಟ್ಟಿದ್ದೀರಿ. ಯಾವುದು ಅಂತ."

"ನಿಮಗೇನನ್ನಿಸುತ್ತದೆ?"

ಅವನು ಸ್ವಲ್ಪ ತಡೆದು, "ನಾನು ನಿಮ್ಮ ಪರವಾಗೇ ಮಾತಾಡ್ತೀನಿ ಮೇಡಂ," ಎಂದ. ಆ ತಡೆದದ್ದು ನನಗೆ ಸಾಕಾಯಿತು.

ಆ ಮಧ್ಯಾಹ್ನವೇ ವಿಚಾರಿಸಿ ಕೀಬೋರ್ಡಿನವನನ್ನು ಹುಡುಕಿದೆ. ಮಡಂತ್ಯಾರಿನ ಪೇಟೆಯಲ್ಲಿ ಅವನ ಮೊಬೈಲ್ ರಿಪೇರಿ ಅಂಗಡಿ. ಡ್ರಮ್ಸಿನವನ ಊರೇ ಅದು ಎನ್ನುವುದು ದಾರಿಯುದ್ದಕ್ಕೂ ತಲೆಯಲ್ಲಿ ತಿರುಗುತ್ತಿತ್ತು. ನನ್ನನ್ನು ನೋಡಿ ಅವನು ಎದ್ದು ನಿಂತ, ಕುರ್ಚಿ ಒರೆಸಿದ. ವಿಡಿಯೊ ತೋರಿಸಿದೆ.

"ಇದಾ ಅಕ್ಕ? ಮದುವೆಮನೆಯವರು ಯಾರೋ ಫೋನಲ್ಲಿ ಕೇಳಿಸಿದ್ರು, ಇದನ್ನು ಬಾರಿಸಿ ಅಂತ. ಒಳ್ಳೆ ಬೀಟ್ ಉಂಟು, ಬಾರಿಸಿದೆ."

"ಯಾರು ಕೇಳಿಸಿದ್ದು?"

"ಅಷ್ಟು ಜನದಲ್ಲಿ ಯಾರು ಅಂತ ಹೇಳುವುದು? ಒಬ್ಬ ಹುಡುಗ. ನಿಮ್ಮ ಹಾಡಾ ಅದು? ನನಗೆ ಗೊತ್ತೇ ಇಲ್ಲ ಮಾರಾಯ್ರೆ."

"ನಮ್ಮ ಡ್ರಮ್ಸಿನವನ ಪರಿಚಯ ಉಂಟಾ ನಿಮಗೆ?"

"ಇಲ್ಲದೆ ಎಂತ? ಇಲ್ಲೇ ಅಲ್ವಾ ಅವರ ಮನೆ."

ಅಷ್ಟೇ. ಆ ಮಾತಿನಲ್ಲಿ ಏನೂ ಇರಲಿಲ್ಲ, ಒಂದೇ ಪೇಟೆಯವರಿಗೆ ಪರಿಚಯ ಇರದೆ ಇರುತ್ತದೆಯೇ? ಆದರೂ ನಾನು ಅದನ್ನು ಮಡಚಿ ಮನಸ್ಸಿನ ಜೇಬಿಗೆ ಹಾಕಿಕೊಂಡೆ.

ಕಂಪನಿಯವರು ಹಾಡು ಬೇಡವೆಂದರು. ಅದು ಅಷ್ಟು ದೊಡ್ಡ ಪೆಟ್ಟಲ್ಲ. ನಮಗೆ ನಮ್ಮ ವೇದಿಕೆ ಇತ್ತು, ಕೇಳುವ ಜನ ಇದ್ದರು. ನನ್ನನ್ನು ಕೊರೆದದ್ದು ಇನ್ನೊಂದು. ಕಂಪನಿಯವರನ್ನು ಬಿಟ್ಟರೆ ಈ ರಾಗ ಗೊತ್ತಿದ್ದದ್ದು ಮೂವರಿಗೆ. ಅದರಲ್ಲಿ ನಾನೊಬ್ಬಳು.

ಬಾಸ್ ಹುಡುಗನ ಮೇಲೆ ಕಣ್ಣಿಟ್ಟೆ. ಕೆಲವು ಸಮಯದಿಂದ ಅಭ್ಯಾಸದ ನಡುವೆ ಫೋನ್ ಬಂದರೆ ಮೆಟ್ಟಿಲಿಳಿದು ರಸ್ತೆಗೆ ಹೋಗಿ ಮಾತಾಡುತ್ತಿದ್ದ. ನಾನು ಕಿಟಕಿಯಿಂದ ನೋಡಿದರೆ ಬೆನ್ನು ತಿರುಗಿಸುತ್ತಿದ್ದ. "ಯಾರು?" ಎಂದರೆ "ಮನೆಯಿಂದ ಅಕ್ಕ" ಎನ್ನುತ್ತಿದ್ದ. ಒಮ್ಮೆ ಅವನ ಇಂಗ್ಲಿಷ್ ಕಿಟಕಿಯವರೆಗೆ ಕೇಳಿಸಿತು. ಮನೆಯವರ ಹತ್ತಿರ ಯಾರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ? ಡ್ರಮ್ಸಿನವನ ಮೇಲೂ ಕಣ್ಣಿಟ್ಟೆ. ಅವನು ಇದ್ದ ಹಾಗೆಯೇ ಇದ್ದ. ಅದೂ ಸಂಶಯಕ್ಕೆ ಕಾರಣವಾಯಿತು. ಇಷ್ಟೆಲ್ಲಾ ಆದ ಮೇಲೆ ಒಬ್ಬ ಮನುಷ್ಯ ಇಷ್ಟು ನಿರಾಳವಾಗಿ ಇರುವುದು ಹೇಗೆ?

ಮೂರನೇ ಆಲ್ಬಮ್ಮಿಗೆಂದು ಮುಂದಿನ ಹಾಡು ಕಟ್ಟಿದಾಗ ಒಂದು ಉಪಾಯ ಮಾಡಿದೆ. ಪಲ್ಲವಿಯ ಮೂರನೇ ಸಾಲು ಮುಗಿಯುವಲ್ಲಿ ರಾಗವನ್ನು ಬಾಸ್ ಹುಡುಗನಿಗೆ ಮೇಲಕ್ಕೆ ಏರಿಸಿ ಹಾಡಿ ಕಳಿಸಿದೆ. ಡ್ರಮ್ಸಿನವನಿಗೆ ಕೆಳಕ್ಕೆ ಇಳಿಸಿ ಹಾಡಿ ಕಳಿಸಿದೆ. ನನ್ನ ನಿಜವಾದ ಸಾಲು ಬೇರೆಯೇ ಇತ್ತು. ಅದು ಅರ್ಧಕ್ಕೆ ನಿಂತು, ಒಂದು ಉಸಿರು ಬಿಟ್ಟು, ಹಿಂದಿನ ಸ್ವರಕ್ಕೇ ಮರಳುತ್ತಿತ್ತು. ಅದನ್ನು ಯಾರಿಗೂ ಕಳಿಸಲಿಲ್ಲ, ಕೋಣೆಯಲ್ಲಿ ನನ್ನಷ್ಟಕ್ಕೇ ಹಾಡಿಕೊಳ್ಳುತ್ತಿದ್ದೆ. ಹೊರಗೆ ಯಾವ ಸಾಲು ಕಾಣಿಸಿಕೊಳ್ಳುತ್ತದೆಯೋ ನೋಡುವ ಎಂದು ಕಾದು ಕೂತೆ. ಅಭ್ಯಾಸಕ್ಕೆ ಕರೆಯದೆ ದಿನ ತಳ್ಳಿದೆ.

ಆದರೆ ಅವರಿಬ್ಬರೂ ನನ್ನನ್ನು ಬಿಟ್ಟು ಒಂದು ದಿನ ಭೇಟಿಯಾಗಿ, ನನಗೆ ತಯಾರಾಗಿ ತೋರಿಸುವ ಎಂದು ಬಾರಿಸಿ ನೋಡಿದ್ದಾರೆ. ಡ್ರಮ್ಸಿನವನು ರಾಗ ಗುನುಗುತ್ತಾ ಬಾರಿಸುವವನು. ಮೂರನೇ ಸಾಲು ಬಂದಾಗ ಅವನು ಇಳಿದ, ಇವನು ಏರಿದ. ಇಬ್ಬರೂ ನಿಲ್ಲಿಸಿದರು. ಫೋನ್ ತೆಗೆದು ಒಬ್ಬರದ್ದು ಒಬ್ಬರಿಗೆ ಕೇಳಿಸಿದರು. ಮತ್ತೆ ನನಗೆ ಬರಲು ಹೇಳಿದರು.

ನಾನು ಮೆಟ್ಟಿಲು ಹತ್ತಿ ಹೋದಾಗ ಎರಡು ಫೋನುಗಳು ಆಂಪ್ಲಿಫಯರಿನ ಮೇಲೆ ಪಕ್ಕಪಕ್ಕ ಇದ್ದವು. ಡ್ರಮ್ಸಿನವನು ಒಂದಾದ ಮೇಲೆ ಒಂದನ್ನು ಒತ್ತಿದ. ನನ್ನದೇ ದನಿ ಏರಿತು, ನನ್ನದೇ ದನಿ ಇಳಿಯಿತು.

"ತಪ್ಪಿ ಕಳಿಸಿದ್ದಾ ಮಾರಾಯ್ತಿ?" ಎಂದು ಕೇಳಿದ. ತಪ್ಪಿ ಎಂದು ಹೇಳಲಿ ಎಂದು ಅವನು ಕಾಯುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ನಾನು ಹೇಳಲಿಲ್ಲ.

"ನಮ್ಮಲ್ಲಿ ಯಾರು ಕಳ್ಳ ಅಂತ ನೋಡ್ಲಿಕ್ಕಾ?"

"ನೀನೇ ಹೇಳು," ಎಂದೆ. "ನಾವು ಮೂರೇ ಜನ. ಮತ್ತೆ ಯಾರಿಂದ ಹೋದದ್ದು?"

"ನನಗೆ ಹೇಗೆ ಗೊತ್ತು? ನಾನು ನಿನ್ನನ್ನೇ ಸಂಶಯ ಮಾಡ್ಲಿಕ್ಕೆ ಆಗ್ತಿತ್ತು. ಮಾಡಿದೆನಾ?"

ಬಾಸ್ ಹುಡುಗ ತಂತಿಗಳನ್ನು ಒರೆಸುತ್ತಿದ್ದ. ತಲೆ ಎತ್ತದೆ ಹೇಳಿದ. "ಅಕ್ಕ, ನನಗೆ ದುಬಾಯಿಯಲ್ಲಿ ಒಂದು ಹೋಟೆಲಿನ ಬ್ಯಾಂಡಿನಿಂದ ಕರೆ ಬಂದಿದೆ. ಆ ಫೋನುಗಳು ಅವರದ್ದು. ಆಲ್ಬಮ್ ಮುಗಿಸಿ ಹೇಳುವ ಅಂತ ಇದ್ದೆ. ನಾನು ಹೇಗೂ ಹೋಗ್ಲಿಕ್ಕೆ ಉಂಟು. ಆದರೆ ಹೀಗೆ ಹೋಗುವ ಅಂತ ಇರಲಿಲ್ಲ."

ಅವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ನಾನು ಊಹಿಸಿದ್ದು ಸರಿಯೇ ಇತ್ತು. ಏನನ್ನು ಎನ್ನುವುದು ಮಾತ್ರ ತಪ್ಪಾಗಿತ್ತು. ಗಿಟಾರನ್ನು ಚೀಲಕ್ಕೆ ಹಾಕಿ, ಚಪ್ಪಲಿ ಹಾಕಿಕೊಂಡು, ಡ್ರಮ್ಸಿನವನ ಭುಜ ಮುಟ್ಟಿ ಹೋದ. ನನಗೆ "ಬರ್ತೇನೆ ಅಕ್ಕ" ಎಂದ. ಅಷ್ಟೂ ಹೇಳದೆ ಹೋಗಿದ್ದರೆ ಸುಲಭವಾಗುತ್ತಿತ್ತು.

ಇದಾಗಿ ಕೆಲವು ವಾರಗಳ ಮೇಲೆ ಕಕ್ಕಿಂಜೆಯಲ್ಲಿ ಗಂಡನ ಕಡೆಯವರ ಹೊಸ ಮನೆಯ ಒಕ್ಕಲು. ಮಾಮಿ, ಗಂಡ, ನಾನು ಹೋದೆವು. ಪೂಜೆ, ಊಟ ಎಲ್ಲಾ ಮುಗಿದು ಸಂಜೆ ಅಂಗಳದಲ್ಲಿ ಕುಣಿತ ಭಜನೆ ಇತ್ತು. ನಮ್ಮ ಕಡೆ ಈಗ ಅದಕ್ಕೆ ಬಹಳ ಬೇಡಿಕೆ. ಒಂದೇ ಬಣ್ಣದ ಬಟ್ಟೆ ಹಾಕಿದ ಮಕ್ಕಳು, ಹೆಂಗಸರು, ಕೈಯಲ್ಲಿ ತಾಳ ಹಿಡಿದು ಸುತ್ತು ಕಟ್ಟಿ ಹೆಜ್ಜೆ ಹಾಕುತ್ತಾ ಹಾಡುತ್ತಾರೆ. ನಾನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿದ್ದೆ.

ಎರಡನೇ ಭಜನೆ ಶುರುವಾದಾಗ ನನ್ನ ಬೆರಳು ನಿಂತಿತು. ಪದ ದೇವರದ್ದು. ರಾಗ ನನ್ನದು, ಸಿನಿಮಾಕ್ಕೆ ಕೊಟ್ಟಿದ್ದದ್ದು. ಅದರ ಓಟಕ್ಕೆ ಮಕ್ಕಳ ಹೆಜ್ಜೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನೋಡುವವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಅದು ಮುಗಿದ ಕೂಡಲೇ ಇನ್ನೊಂದು. ಅದು ನನ್ನ ಹೊಸ ಹಾಡು. ನಾನು ಮೂರನೇ ಸಾಲಿಗೆ ಕಾದೆ. ಏರುತ್ತದೆಯೇ? ಇಳಿಯುತ್ತದೆಯೇ? ಯಾರ ಫೋನಿನಿಂದ ಬಂದದ್ದು?

ಸಾಲು ಏರಲಿಲ್ಲ. ಇಳಿಯಲೂ ಇಲ್ಲ. ಅರ್ಧಕ್ಕೆ ನಿಂತಿತು. ಮಕ್ಕಳು ಒಂದು ಹೆಜ್ಜೆ ಗಾಳಿಯಲ್ಲಿ ಹಿಡಿದರು. ಮತ್ತೆ ಹಿಂದಿನ ಸ್ವರಕ್ಕೇ ಮರಳಿದರು.

ಆ ಸಾಲು ನನ್ನ ಕೋಣೆ ಬಿಟ್ಟು ಎಲ್ಲಿಗೂ ಹೋದದ್ದಲ್ಲ. ನನ್ನ ಫೋನಿನೊಳಗೆ ಯಾರೋ ಕೂತು ಕೇಳುತ್ತಿದ್ದಾರೆ ಎಂದು ಮೊದಲು ಅನ್ನಿಸಿತು. ಆಮೇಲೆ ಪಕ್ಕದಲ್ಲಿ ಕೂತಿದ್ದ ಗಂಡನ ಮುಖ ನೋಡಿದೆ. ನನ್ನ ಕೋಣೆಗೆ ಬರುವವರು ಅವರೊಬ್ಬರೇ. ಅವರು ಐಸ್‌ಕ್ರೀಂ ತಿನ್ನುತ್ತಿದ್ದರು. ಅಂಗಡಿಯ ಬಗ್ಗೆ ಏನನ್ನೋ ಯೋಚಿಸುತ್ತಿದ್ದ ಮುಖ. ಇವರೂ ನಟಿಸುತ್ತಿದ್ದಾರೆಯೇ ಎಂದು ಒಂದು ಕ್ಷಣ, ನಿಜವಾಗಿಯೂ, ಯೋಚಿಸಿದೆ.

ಭಜನೆ ಮುಗಿದ ಮೇಲೆ ತಂಡಕ್ಕೆ ಕಲಿಸುವ ಮಾಸ್ತರರ ಹತ್ತಿರ ಹೋದೆ. ಬೆವರು ಒರೆಸಿಕೊಳ್ಳುತ್ತಿದ್ದರು.

"ಈ ಎರಡು ಭಜನೆಯ ರಾಗ ಎಲ್ಲಿಂದ ಸಿಕ್ಕಿದ್ದು ಮಾಸ್ತ್ರೆ?"

ಅವರು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು. "ನಿಮ್ಮ ಮನೆಯಿಂದಲೇ ಅಲ್ವಾ? ನಿಮ್ಮ ಅತ್ತೆ ನಿಮ್ಮಲ್ಲಿನ ಭಜನಾ ಮಂದಿರದಲ್ಲಿ ಹೆಂಗಸರಿಗೆ ಹೇಳಿಕೊಟ್ಟದ್ದು. ನಾನು ಅಲ್ಲಿಂದ ತಂದೆ. ಮೊದಲಿನದ್ದು ಈಗ ಎಲ್ಲಾ ಕಡೆ ಹಾಡ್ತಾರೆ. ಬಂಟ್ವಾಳದಲ್ಲಿ ಮದುವೆಗೆ ಸಹಾ ಬಾರಿಸಿದ್ರಂತೆ."

ತಿರುಗಿ ನೋಡಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮಾಮಿ ಕುರ್ಚಿಯಲ್ಲೇ ಹಿಂತಿರುಗಿ ನನ್ನನ್ನೇ ನೋಡುತ್ತಿದ್ದರು. ನಾನು ಆ ಮಾಸ್ತರರ ಹತ್ತಿರ ಏನು ಮಾತಾಡುತ್ತಿದ್ದೇನೆ ಎಂದು.

ಕಾರಿನಲ್ಲಿ ಗಂಡ ಓಡಿಸುತ್ತಿದ್ದರು, ನಾನು ಹಿಂದೆ ಮಾಮಿಯ ಪಕ್ಕ ಕೂತೆ. ಎದುರಿನಿಂದ ಚಾರ್ಮಾಡಿ ಕಡೆಗೆ ಹೋಗುವ ಲಾರಿಗಳ ಬೆಳಕು ಆಗಾಗ ಅವರ ಮುಖದ ಮೇಲೆ ಬೀಳುತ್ತಿತ್ತು.

"ಮಾಮಿ, ಆ ರಾಗ ನಿಮಗೆ ಹೇಗೆ ಗೊತ್ತಾಯಿತು?"

"ನೀನು ಹಾಡಿದ್ದಲ್ವಾ?"

"ನಿಮಗೆ ಅಂತ ಹಾಡಿದ್ದಲ್ಲ."

"ನನಗೆ ಅಂತ ನೀನು ಯಾವಾಗ ಹಾಡಿದ್ದಿ?" ಎಂದರು. ಮತ್ತೆ ಅವರೇ ಮುಂದುವರಿಸಿದರು. "ಸುಳ್ಳು ಯಾಕೆ ಹೇಳಬೇಕು? ಮೊದಲು ನೀನು ಫೋನಲ್ಲಿ ಯಾರ ಹತ್ರ ಮಾತಾಡ್ತಿ ಅಂತ ಕೇಳ್ತಿದ್ದೆ. ಹೊತ್ತಲ್ಲದ ಹೊತ್ತಿಗೆ ಬರ್ತಿ, ಹೋಗ್ತಿ, ಜೊತೆಗೆ ಗಂಡಸರು. ಇವ ಅಂಗಡಿಯಲ್ಲಿ ಮೊಳೆ ಲೆಕ್ಕ ಮಾಡ್ತಾ ಕೂತಿರ್ತಾನೆ. ನಾನಲ್ಲದೆ ಯಾರು ನೋಡಬೇಕು? ಹಾಗೆ ಕೇಳ್ತಾ ಕೇಳ್ತಾ ಮಾತು ಏನೂ ಸಿಗ್ಲಿಲ್ಲ. ರಾಗ ಸಿಕ್ಕಿತು."

ಮುಂದೆ ಗಂಡ ಕೆಮ್ಮಿದರು.

"ಪದ ನನಗೆ ಹಿಡಿಸಲಿಲ್ಲ," ಎಂದರು ಮಾಮಿ. "ಎಂತ ಅದು, ಬೆಂಕಿ, ಬೂದಿ, ಬಾಗಿಲು ಮುರಿ ಅಂತ. ರಾಗ ಒಳ್ಳೆದುಂಟು. ಮಂದಿರದಲ್ಲಿ ಹಾಡಿದರೆ ಲಾಯ್ಕ ಆಗ್ತದೆ ಅನ್ನಿಸಿತು. ಹಾಡಿದೆ. ಅವರೆಲ್ಲ ಕಲಿತರು."

"ಅದನ್ನು ಯಾರಿಗೂ ಕೇಳಿಸಬಾರದು ಅಂತ ಇತ್ತು ಮಾಮಿ. ಸಿನಿಮಾ ಹೋಯಿತು. ಆ ಹುಡುಗ ತಂಡ ಬಿಟ್ಟು ಹೋದ."

"ಮನೆಯೊಳಗೆ ಹಾಡಿದ್ದು ಮನೆಯದ್ದಲ್ವಾ? ನನಗೆ ಯಾರಾದರೂ ಹೇಳಿದ್ರಾ, ಕೇಳಬಾರದು ಅಂತ?"

ಸಿಟ್ಟು ಬರಬೇಕಿತ್ತು, ಬಂತು ಕೂಡಾ. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು. ನಿಲ್ಲಿಸಿ, ಉಸಿರು ಬಿಟ್ಟು, ಮರಳುವ ಆ ಸಾಲನ್ನು ಇವರು ಗೋಡೆಯಾಚೆಯಿಂದ ಒಂದಿಷ್ಟೂ ತಪ್ಪದೆ ಹಿಡಿದಿದ್ದರು. ನನ್ನ ಹಾಡನ್ನು ಇಷ್ಟು ಗಮನವಿಟ್ಟು ಕೇಳಿದವರು ಯಾರಿದ್ದಾರೆ? ಅದಕ್ಕೆ ಸಂತೋಷ ಪಡಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

ಬಾಸ್ ಹುಡುಗನಿಗೆ ದುಬಾಯಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅವನು ಬಹಳ ಹೊತ್ತು ನಕ್ಕ. ನಕ್ಕು ಮುಗಿಸಿ, "ಒಳ್ಳೆದಾಯಿತು ಅಕ್ಕ, ಗೊತ್ತಾಯಿತಲ್ಲ," ಎಂದ. ವಾಪಸು ಬರುವ ಮಾತು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅಲ್ಲಿ ಅವನಿಗೆ ಹಿತವಾಗಿದೆ. ಹಬ್ಬಕ್ಕೆ ಸಂದೇಶ ಕಳಿಸುತ್ತಾನೆ. ಡ್ರಮ್ಸಿನವನು ಬಿಟ್ಟುಹೋಗಲಿಲ್ಲ, ಆದರೆ ಮೊದಲಿನ ಹಾಗೆ ಮನೆಯ ಸುದ್ದಿ ಹೇಳುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಬಾರಿಸುತ್ತಾನೆ, ಹೋಗುತ್ತಾನೆ.

ಮೂರನೇ ಆಲ್ಬಮ್ಮಿನಲ್ಲಿ ಆ ಎರಡು ಹಾಡುಗಳನ್ನೂ ಹಾಕಿದೆವು. ನಮ್ಮ ಎಲ್ಲಾ ಆಲ್ಬಮ್ಮುಗಳಲ್ಲಿ ಹೆಚ್ಚು ಜನ ಕೇಳಿದ್ದು ಅದೇ. ಮತ್ತು ಹೆಚ್ಚು ಬೈಗುಳ ತಿಂದದ್ದೂ ಅದೇ. ಭಜನೆಯ ರಾಗ ಕದ್ದು ಅದಕ್ಕೆ ಬೆಂಕಿ ಬೂದಿಯ ಪದ ಹಾಕಿದ್ದಾಳೆ ಎಂದು ಊರಿನವರೇ ಬರೆದರು. ನಮ್ಮ ಅಜ್ಜಿ ಹಾಡುತ್ತಿದ್ದ ರಾಗ ಇದು ಎಂದು ಒಬ್ಬರು ಬರೆದರು. ಬಂಟ್ವಾಳದ ಒಂದು ಕಾರ್ಯಕ್ರಮದಲ್ಲಿ ಹಿಂದಿನಿಂದ ಒಬ್ಬ ಕೂಗಿಯೇ ಬಿಟ್ಟ, "ಭಜನೆ ಕಳ್ಳಿ!" ಎಂದು. ಡ್ರಮ್ಸಿನವನು ನನ್ನ ಮುಖ ನೋಡಿದ. ನಾನು ಹಾಡು ಶುರುಮಾಡಿದೆ. ವಿವರಿಸಲು ಹೋದರೆ ಅತ್ತೆ ಗೋಡೆಗೆ ಕಿವಿಯಿಟ್ಟು ಕೇಳಿದ್ದು ಎಂದು ಹೇಳಬೇಕಾಗುತ್ತದೆ. ಯಾರು ನಂಬುತ್ತಾರೆ? ನಾನಾಗಿದ್ದರೆ ನಂಬುತ್ತಿರಲಿಲ್ಲ.

ಮಾಮಿಗೂ ಈ ಮಾತೆಲ್ಲ ಮುಟ್ಟಿತು. ಮಂದಿರದ ಹೆಂಗಸರ ಎದುರು ಅದು ನನ್ನ ಸೊಸೆಯದ್ದೇ ಎಂದು ಹೇಳಿದರಂತೆ. ಅವರು ನಕ್ಕು, ಮನೆಯ ಮರ್ಯಾದೆ ಉಳಿಸಲು ಹೇಳುತ್ತಿದ್ದಾರೆ ಎಂದುಕೊಂಡರಂತೆ. ಮಾಮಿ ಅದರಿಂದ ಬಹಳ ನೊಂದುಕೊಂಡರು. ತಾನು ಹೇಳಿದ್ದನ್ನು ಜನ ನಂಬದೆ ಇರುವುದು ಅವರಿಗೆ ಅದೇ ಮೊದಲು.

ಈಚೆಗೆ ಕಕ್ಕಿಂಜೆಯ ಮಾಸ್ತರರು ನನಗೆ ನೇರವಾಗಿ ಫೋನ್ ಮಾಡಿದರು. ದೊಡ್ಡ ಸ್ಪರ್ಧೆಯೊಂದಕ್ಕೆ ತಂಡ ಹೋಗಲಿಕ್ಕೆ ಉಂಟು, ಹೊಸ ರಾಗ ಒಂದು ಕೊಡಬೇಕು, ಈ ಸಲ ನಿಮ್ಮ ಹೆಸರು ಹೇಳಿಯೇ ಹಾಡ್ತೇವೆ ಎಂದರು. ಯೋಚಿಸಿ ಹೇಳುತ್ತೇನೆ ಎಂದೆ. ಅಡುಗೆಮನೆಯಲ್ಲಿ ಮಾಮಿ ಬಸಳೆ ಹೆಚ್ಚುತ್ತಿದ್ದರು. ಯಾಕೋ ಅವರನ್ನೇ ಕೇಳುವ ಎನ್ನಿಸಿತು.

"ಕೊಡ್ಲಾ ಮಾಮಿ?"

ಅವರು ಕತ್ತಿ ನಿಲ್ಲಿಸಿ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಕೊಡಬೇಡ. ಅವ ಅದನ್ನು ಬೇರೆಯವರಿಗೆ ಕೊಡ್ತಾನೆ. ನನಗೆ ಆ ಮನುಷ್ಯನ ಮೇಲೆ ನಂಬಿಕೆ ಇಲ್ಲ."

ನಾನು ಕೊಡಲಿಲ್ಲ.